ಬೆಳೆಸಿದ ವಜ್ರ, ಯಾರ ಕೊರಳಿಗೆ?

ಮಮದಾಪುರದ ಕೆರೆ ನೋಡಿದವರು ಅದನ್ನು ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಹೆಸರು ಹೇಳ್ತಾರೆ. ಮಣ್ಣು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ. ಅದೇ ಬಿಜಾಪುರದ ಅರಸರ ಸೀಮೆಯೊಳಗೆ ರಾವಲಕೊಂಡ ಅಂತ ವಜ್ರದ ಗಣಿ ಇತ್ತು. ಫ್ರಾನ್ಸಿನ ವ್ಯಾಪಾರಿ ತಾವರ್ನಿಯೇ ಅದನ್ನು ಕಣ್ಣಾರೆ ಕಂಡವನು. 1676ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಬರೀತಾನೆ: ಕಸುಬು ಬಲ್ಲ ಆಳಿಗೂ ವರ್ಷಕ್ಕೆ ಮೂರೇ ವರಹ ಕೂಲಿ. ಮೈಮೇಲೆ ತುಂಡು ಬಟ್ಟೆ. ಹರಳು ನುಂಗಿಯಾರು ಅಂತ ಐವತ್ತು ಆಳಿಗೆ ಹನ್ನೆರಡು ಹದಿನೈದು ಕಾವಲುಗಾರರು.

ಈಗ ವಜ್ರಕ್ಕೆ ಗಣಿಯೇ ಬೇಕಿಲ್ಲ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಭಾರೀ ಒತ್ತಡ, ಭಾರೀ ಕಾವು ಕೊಟ್ಟು ಇಂಗಾಲವನ್ನು ವಜ್ರ ಮಾಡಿದರು. ಇವತ್ತು ಸೂರತ್ತಿನಲ್ಲಿ ಮೀಥೇನ್ ಅನಿಲದಿಂದ ಪದರು ಪದರಾಗಿ ಬೆಳೆಸ್ತಾರೆ, ನಾವು ಜೋಳ ಬೆಳೆದಂಗ. ಗುಣದಲ್ಲಿ ಅದೂ ವಜ್ರವೇ.

ಮಾರೋದಕ್ಕಲ್ಲ, ‘ಹಿಂಗಾದ್ರ ಏನಾದೀತು?’ ಅಂತ ಕೇಳೋದಕ್ಕೇ ವಸ್ತು ಮಾಡುವವರು ಇದ್ದಾರೆ. ಸ್ಪೆಕ್ಯುಲೇಟಿವ್ ಡಿಸೈನ್ ಅಂತ ಅದರ ಹೆಸರು. ಅಮೆರಿಕದ ಕಲಾವಿದೆ ಜಿಲ್ ಮ್ಯಾಗಿಡ್ 2016ರಲ್ಲಿ ತೋರಿಸಿದ ಉಂಗುರ ಇದಕ್ಕೆ ತೀರ ಹತ್ತಿರದ್ದು. ಮೆಕ್ಸಿಕೊದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್‌ನ ಚಿತಾಭಸ್ಮದಿಂದ 2.02 ಕ್ಯಾರೆಟ್ಟಿನ ವಜ್ರ ಮಾಡಿಸಿದಳು. ಆಗ ಸ್ವಿಟ್ಜರ್ಲೆಂಡಿನಲ್ಲಿದ್ದ ಅವನ ಕಾಗದಪತ್ರಗಳನ್ನು ಅವನ ನಾಡಿಗೆ ಬಿಟ್ಟುಕೊಡಿ, ಉಂಗುರ ತಗೊಳ್ಳಿ ಅಂದಳು. ಸತ್ತವನ ಆಸ್ತಿ ಯಾರದು? ಪ್ರಶ್ನೆ ಗಟ್ಟಿಯಾದದ್ದೇ, ಒಪ್ಪತೇವಿ.

ನಮ್ಮ ತಕರಾರು ಬೇರೆ. ಪ್ರಯೋಗಾಲಯ ವಜ್ರವನ್ನು ಸಸ್ತಾ ಮಾಡಿ ಅದರ ದೊಡ್ಡಸ್ತಿಕೆ ಮುರೀತು. ಕಲಾವಿದೆ ದೊಡ್ಡವನೊಬ್ಬನ ಬೂದಿ ಹಾಕಿ ಅದೇ ದೊಡ್ಡಸ್ತಿಕೆಯನ್ನು ಹಿಂದಕ್ಕೆ ಕರೆದಳು: ಲೋಕಕ್ಕೆಲ್ಲ ಒಂದೇ ಹರಳು! ನಮ್ಮ ಕೇರಿಯ ಕೂಲಿಯವನನ್ನು ಸುಟ್ಟರೂ ಬರೋದು ಅದೇ ಇಂಗಾಲ.

ಒಡವೆಗೆ ಬೆಲೆ ಬರೋದು ಯಾರು ಹಾಕಬಾರದು ಅನ್ನೋ ಕಟ್ಟಳೆಯಿಂದ. 1928ರ ಜನವರಿಯ ಪತ್ರಿಕಾ ವರದಿಯೊಂದನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಎತ್ತಿಕೊಟ್ಟಿದ್ದಾರೆ. ಇಂದೋರ್ ಸೀಮೆಯ ಹಳ್ಳಿಗಳ ಮೇಲ್ಜಾತಿಯವರು ಬಲಾಯಿಗಳಿಗೆ ಹೇಳಿದರು: ನಿಮ್ಮ ಹೆಂಗಸರು ಬೆಳ್ಳಿ ಬಂಗಾರ ಹಾಕಕೂಡದು. ಒಪ್ಪದವರಿಗೆ ಬಾವಿ ನೀರು ಬಂದ್, ದನ ಮೇಯಿಸೋದು ಬಂದ್. ‘ಹಿಂಗಾದ್ರ ಏನಾದೀತು?’ ಅನ್ನೋದಕ್ಕೆ ಆ ಹೆಣ್ಣುಮಕ್ಕಳಿಗೆ ಉತ್ತರ ಸಿಕ್ಕಿದ್ದು ಬಾವಿಕಟ್ಟೆಯ ಮೇಲೆ. ಯಾವ ಗ್ಯಾಲರಿಯಲ್ಲೂ ಅಲ್ಲ.

ಎಲ್ಲರ ಕೊರಳಿಗೂ ಬಂದ ಮೇಲೆ ವಜ್ರಕ್ಕೆ ಏನುಳಿದೀತು? ಇದನ್ನು ಕೇಳುವ ಒಡವೆಯನ್ನು ಯಾರಾದರೂ ಮಾಡಲಿ. ಮಾಡುವಾಗ, ಸೂರತ್ತಿನಲ್ಲಿ ಆ ಹರಳು ಉಜ್ಜಿದವನಿಗೆ ಸಿಕ್ಕ ಕೂಲಿಯನ್ನು ಉಂಗುರದ ಒಳಮೈಗೆ ಕೆತ್ತಲಿ, ತಾವರ್ನಿಯೇ ಮೂರು ವರಹ ಅಂತ ಬರೆದಂಗ.