ದೇಶೌಚಿತ್ಯವೂ ಕೊಡಗಿನ ಚಲಚ್ಚಿತ್ರಗಳೂ

ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಔಚಿತ್ಯಕ್ಕೆ 27 ಸ್ಥಾನಗಳನ್ನು ಎಣಿಸುವಾಗ ದೇಶವನ್ನೂ ಅವುಗಳಲ್ಲಿ ಒಂದಾಗಿ ಹೇಳಿರುವನು. ಪದ, ವಾಕ್ಯ, ಗುಣ, ಅಲಂಕಾರ, ರಸಗಳ ಔಚಿತ್ಯವನ್ನು ಕುರಿತು ಅಲಂಕಾರಶಾಸ್ತ್ರದ ಪಾಠಗಳಲ್ಲಿ ಎಷ್ಟೋ ಚರ್ಚೆ ನಡೆಯುವುದುಂಟು. ದೇಶೌಚಿತ್ಯವನ್ನು ಮಾತ್ರ ಗುರುಗಳೂ ಶಿಷ್ಯರೂ ಬೇಗನೆ ದಾಟಿಬಿಡುವರು. ಮಲಯದಲ್ಲಿ ಚಂದನ, ಹಿಮಾಲಯದಲ್ಲಿ ಭೂರ್ಜ, ಮರುಭೂಮಿಯಲ್ಲಿ ಒಂಟೆ, ಇಷ್ಟನ್ನು ತಪ್ಪದೆ ಹೇಳಿದರೆ ಕವಿಯ ಕರ್ತವ್ಯ ಮುಗಿಯಿತೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲವೆಂಬುದು ಕೊಡಗನ್ನು ಆಶ್ರಯಿಸಿದ ಕೆಲವು ಕನ್ನಡ ಚಲಚ್ಚಿತ್ರಗಳನ್ನು ಪರಿಶೀಲಿಸಿದರೆ ಸ್ಪಷ್ಟವಾಗುತ್ತದೆ.

ಚಲಚ್ಚಿತ್ರವೆಂದೊಡನೆ ಮೂಗುಮುರಿಯುವ ಪಂಡಿತರು ಈಗಲೂ ಇಲ್ಲದಿಲ್ಲ. ಆದರೆ ಭರತಮುನಿಯು ನಾಟ್ಯವನ್ನು ದೃಶ್ಯವೂ ಶ್ರವ್ಯವೂ ಆದ ಕ್ರೀಡನೀಯಕವೆಂದು ಕರೆದಿರುವುದರಿಂದ, ಆ ಲಕ್ಷಣಕ್ಕೆ ಸೇರುವ ಯಾವ ಕೃತಿಯೂ ಶಾಸ್ತ್ರದ ವಿಚಾರಣೆಗೆ ಹೊರತಾಗಲಾರದು. ಭೇದವೊಂದುಂಟು. ಪ್ರಾಚೀನ ರಂಗದಲ್ಲಿ ದೇಶವು ಕಕ್ಷ್ಯಾವಿಭಾಗದಿಂದ ಸಿದ್ಧವಾಗುತ್ತಿತ್ತು. ನಟನು ನಾಲ್ಕು ಹೆಜ್ಜೆ ಸುತ್ತಿ ಬಂದು ‘ಇದೇ ಆ ತಪೋವನ’ ಎಂಬರ್ಥದ ಮಾತಾಡಿದರೆ ಅಲ್ಲಿ ತಪೋವನವಿರುತ್ತಿತ್ತು. ಮಾತಿಲ್ಲದೆ ಸ್ಥಳವಿಲ್ಲ, ಸ್ಥಳವೆಲ್ಲವೂ ಅರ್ಥಪೂರ್ಣವೇ. ಚಲಚ್ಚಿತ್ರದಲ್ಲಾದರೋ ಬೆಟ್ಟವು ತಾನಾಗಿಯೇ ಬಂದು ಪಟದ ಮೇಲೆ ನಿಲ್ಲುತ್ತದೆ. ಅದಕ್ಕೆ ಅರ್ಥವಿರಬೇಕೆಂಬ ನಿರ್ಬಂಧವಿಲ್ಲ. ಆದುದರಿಂದ ಇಲ್ಲಿ ದೇಶೌಚಿತ್ಯವು ಮತ್ತಷ್ಟು ಕಷ್ಟಸಾಧ್ಯವಾದುದು: ಕಣ್ಣಿಗೆ ಹಿತವಾದ ಮಂಜು, ಕಾಫಿಯ ತೋಟ, ಇಳಿಜಾರಿನ ಗದ್ದೆ ಇವು ಕಥೆಯ ಒಳಗೆ ಸೇರಿವೆಯೋ, ಕೇವಲ ಹಿಂಬದಿಯ ಪರದೆಯಾಗಿ ತೂಗುತ್ತಿವೆಯೋ ಎಂದು ಪ್ರತಿಸಲವೂ ಕೇಳಬೇಕಾಗುತ್ತದೆ.

1971 ರಿಂದ 1979 ರವರೆಗಿನ ಅವಧಿಯಲ್ಲಿ ಕೊಡಗಿನ ಹೆಸರಿನೊಡನೆಯಾಗಲಿ ಕೊಡಗಿನ ಲೇಖಕರೊಡನೆಯಾಗಲಿ ಸಂಬಂಧವುಳ್ಳ ಹಲವು ಚಿತ್ರಗಳು ಬಂದವು. ‘ಶರಪಂಜರ’ (1971), ‘ಎಡಕಲ್ಲು ಗುಡ್ಡದ ಮೇಲೆ’ (1973), ‘ಬಯಲು ದಾರಿ’ (1976), ‘ಗಿರಿಕನ್ಯೆ’ (1977), ‘ಹುಲಿಯ ಹಾಲಿನ ಮೇವು’ (1979) ಇವು ಮುಖ್ಯವಾದವು. ಮೊದಲಿನ ಎರಡನ್ನು ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್ (1933-1985). ಅವರ ಹುಟ್ಟೂರಾದ ಕಣಗಾಲು ಕೊಡಗಿನ ಗಡಿಗೆ ತಗುಲಿದ ಪಿರಿಯಾಪಟ್ಟಣದ ತಾಲ್ಲೂಕಿಗೆ ಸೇರಿದುದು. ಕಡೆಯ ನಾಲ್ಕಕ್ಕೂ ಮೂಲ ಕೊಡಗಿನ ಕಾದಂಬರಿಕಾರ ಭಾರತೀಸುತರ (1915-1976) ಕೃತಿಗಳು. ಒಬ್ಬನೇ ಲೇಖಕನ ನಾಲ್ಕು ಕಾದಂಬರಿಗಳು ಏಳು ವರ್ಷಗಳೊಳಗೆ ಚಿತ್ರಗಳಾದುದು, ಅವುಗಳಲ್ಲಿ ಹೆಚ್ಚಿನವನ್ನು ಜನರು ಇಂದಿಗೂ ಮರೆಯದಿರುವುದು, ಸಾಮಾನ್ಯ ಸಂಗತಿಯಲ್ಲ.

‘ಶರಪಂಜರ’ವು ತ್ರಿವೇಣಿಯವರ (1928-1963) ಕಾದಂಬರಿಯನ್ನು ಆಧರಿಸಿದುದು. ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕಥೆ ವಾಚಕರಿಗೆ ತಿಳಿದದ್ದೇ. ಕಾವೇರಿ ಎಂಬ ಗೃಹಿಣಿ, ಸತೀಶನ ಪತ್ನಿ, ಪ್ರಸವಾನಂತರ ಚಿತ್ತವಿಭ್ರಮಕ್ಕೆ ಒಳಗಾಗುತ್ತಾಳೆ. ಮನೋರೋಗದ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಮನೆಯಾದರೋ ಅವಳನ್ನು ಗುಣಹೊಂದಿದವಳೆಂದು ಒಪ್ಪುವುದಿಲ್ಲ. ಪತಿಯ ಮನಸ್ಸು ಬೇರೊಬ್ಬಳಲ್ಲಿ ನೆಟ್ಟಿದೆ. ಕಡೆಗೆ ಅವಳು ಮತ್ತೆ ಉನ್ಮಾದಕ್ಕೇ ಬೀಳುತ್ತಾಳೆ. ನಾಯಿಕೆಯಾಗಿ ಕಲ್ಪನಾ, ನಾಯಕನಾಗಿ ಗಂಗಾಧರ್ ಅಭಿನಯಿಸಿದರು, ವಿಜಯಭಾಸ್ಕರರ ಸಂಗೀತ.

ಉನ್ಮಾದವು ಭರತನು ಹೇಳಿದ 33 ವ್ಯಭಿಚಾರಿಭಾವಗಳಲ್ಲಿ ಒಂದು. ನಿಮಿತ್ತವಿಲ್ಲದ ನಗೆ, ಅಳು, ಓಟ, ಅಸಂಬದ್ಧಪ್ರಲಾಪ ಇವೆಲ್ಲ ಅದರ ಅನುಭಾವಗಳೆಂದು ಶಾಸ್ತ್ರವೇ ಹೇಳಿರುವುದರಿಂದ, ಕಲ್ಪನಾರ ಕಡೆಯ ಭಾಗದ ಅಭಿನಯ ಅತಿಯಾಯಿತೆಂಬ ಆಕ್ಷೇಪಕ್ಕೆ ಸಮಾಧಾನವುಂಟು. ಆದರೂ ಚಿತ್ರದ ಹೃದಯ ಅಲ್ಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಸ್ವಸ್ಥಳಾಗಿ, ಮೆಲುದನಿಯಲ್ಲಿ, ತನ್ನ ಮನೆಯಲ್ಲೇ ಅತಿಥಿಯಂತೆ ಓಡಾಡುವ ಭಾಗದಲ್ಲಿದೆ. ಅಲ್ಲಿ ಅವಳಲ್ಲಿ ಉನ್ಮಾದವಿಲ್ಲ, ಸುತ್ತಣವರಲ್ಲಿ ಶಂಕೆಯಿದೆ. ಶಂಕೆಯೂ ಆ 33 ರಲ್ಲೇ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ಸ್ಥಾಯಿಯು ಯಾರಲ್ಲಿದೆಯೋ ವ್ಯಭಿಚಾರಿಗಳೂ ಅವರಲ್ಲೇ ಸಂಚರಿಸತಕ್ಕುವೆಂಬುದು ಸಾಮಾನ್ಯ ನಿಯಮ. ಈ ಚಿತ್ರದಲ್ಲಿ ಶೋಕವು ಕಾವೇರಿಯದು, ಶಂಕೆ ಇತರರದು; ಆ ಶಂಕೆಯೇ ಬಾಣಗಳಾಗಿ ಪಂಜರವನ್ನು ಕಟ್ಟುತ್ತದೆ. ಹೆಸರಿನ ಸಾರ್ಥಕತೆ ಇಷ್ಟು ಪೂರ್ಣವಾಗಿರುವ ಚಿತ್ರಗಳು ಕಡಮೆ.

ಕಾಳಿದಾಸನ ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕದೊಡನೆ ಇದನ್ನು ಹೋಲಿಸಿದರೆ ವಿಷಯ ಇನ್ನೂ ವಿಶದವಾಗುವುದು. ಪುರೂರವನೂ ಉನ್ಮತ್ತನಾಗಿ ನವಿಲನ್ನು, ಹಂಸವನ್ನು, ಲತೆಯನ್ನು ಮಾತಾಡಿಸುತ್ತ ಕಾಡಿನಲ್ಲಿ ಅಲೆಯುತ್ತಾನೆ. ಅವನು ರಾಜ, ಅವನ ಉನ್ಮಾದವು ಪ್ರೇಮದ ಭೂಷಣವಾಗಿಯೇ ಎಣಿಕೆಯಾಗುತ್ತದೆ. ಸಂಗಮನೀಯಮಣಿ ದೊರಕುತ್ತದೆ, ಊರ್ವಶಿ ಮರಳುತ್ತಾಳೆ, ರಾಜ್ಯವು ಅವನನ್ನು ಮೊದಲಿನಂತೆಯೇ ರಾಜನೆಂದು ಬರಮಾಡಿಕೊಳ್ಳುತ್ತದೆ. ಒಮ್ಮೆ ಹುಚ್ಚನಾಗಿದ್ದನೆಂದು ಯಾವ ಮಂತ್ರಿಯೂ ಶಂಕಿಸುವುದಿಲ್ಲ. ಕಾವೇರಿಗೆ ಮಣಿಯ ಬದಲು ವೈದ್ಯರ ಚಿಕಿತ್ಸೆ ದೊರೆತಿದೆ, ಅದು ಫಲಿಸಿಯೂ ಇದೆ. ಬರಮಾಡಿಕೊಳ್ಳುವವರು ಮಾತ್ರ ಇಲ್ಲ. ಪುರುಷನ ಉನ್ಮಾದಕ್ಕೂ ಸ್ತ್ರೀಯ ಉನ್ಮಾದಕ್ಕೂ ಲೋಕವು ಇಟ್ಟ ಬೆಲೆಯ ವ್ಯತ್ಯಾಸವನ್ನು ಇಷ್ಟು ನಿಷ್ಕರುಣೆಯಿಂದ ತೋರಿಸಿದುದರಿಂದಲೇ ಈ ಚಿತ್ರದಲ್ಲಿ ಕರುಣರಸ ನೆಲೆಯಾಗಿ ನಿಂತಿದೆ.

ಇನ್ನು ದೇಶದ ವಿಚಾರ. ಚಿತ್ರದಲ್ಲಿ ಕೊಡಗಿನ ಹೆಸರೆತ್ತಿ ಹಾಡುವ ಪ್ರಸಿದ್ಧ ಗೀತೆಯೊಂದಿದೆ. ಅದರಲ್ಲಿ ನದಿಯೂ ನಾಯಿಕೆಯೂ ಒಂದೇ ಹೆಸರಿನಿಂದ ಸಂಬೋಧಿತರಾಗುತ್ತಾರೆ. ಕೇಳಿದವರು ಇದನ್ನು ಶೃಂಗಾರಕ್ಕೆ ಉದ್ದೀಪನವೆಂದೂ ಸುಲಭಶ್ಲೇಷವೆಂದೂ ಎಣಿಸಿ ಮುಂದೆ ಸಾಗುವರು. ಆದರೆ ಶ್ಲೇಷವು ಅಲ್ಲಿಗೆ ಮುಗಿಯುವುದಿಲ್ಲ. ತಲಕಾವೇರಿಯ ಸ್ಥಳಪುರಾಣವನ್ನು ಬಲ್ಲವರಿಗೆ ಕಾವೇರಿಯು ಮೊದಲು ನದಿಯಲ್ಲ, ಪತ್ನಿ. ಕವೇರಮುನಿಯ ಸಾಕುಮಗಳಾದ ಅವಳು ತನ್ನನ್ನು ಎಂದೂ ಒಂಟಿಯಾಗಿ ಬಿಟ್ಟುಹೋಗಬಾರದೆಂಬ ನಿಬಂಧನೆಯಿಂದ ಅಗಸ್ತ್ಯನ ಕೈಹಿಡಿದಳು. ಒಂದು ದಿನ ಋಷಿಯು ಅವಳನ್ನು ಕಮಂಡಲುವಿನಲ್ಲಿರಿಸಿ, ಶಿಷ್ಯರನ್ನು ಕಾವಲಿಟ್ಟು, ಕನಕೆಯ ನದಿಗೆ ಸ್ನಾನಕ್ಕೆ ಹೋದನು. ಮಾತು ತಪ್ಪಿತೆಂದು ಅವಳು ಕಮಂಡಲುವಿನಿಂದ ಹೊರಟು ಬ್ರಹ್ಮಗಿರಿಯಿಂದ ನದಿಯಾಗಿ ಹರಿದಳು. ಗಣಪತಿಯು ಕಾಗೆಯಾಗಿ ಬಂದು ಕಮಂಡಲುವನ್ನು ಉರುಳಿಸಿದನೆಂಬ ಪಾಠಾಂತರವೂ ಉಂಟು. ಬಲಮುರಿಯಲ್ಲಿ ಅವಳನ್ನು ತಡೆಯಬಂದ ಕೊಡಗಿನ ಸ್ತ್ರೀಯರ ಸೀರೆಯ ನೆರಿಗೆಗಳು ನೀರಿನ ರಭಸಕ್ಕೆ ಹಿಂದಕ್ಕೆ ಸರಿದವೆಂದೂ, ಅಂದಿನಿಂದ ಅವರು ನೆರಿಗೆಯನ್ನು ಹಿಂದಕ್ಕಿಟ್ಟೇ ಉಡುವರೆಂದೂ ಜನರು ಹೇಳುವರು.

ಪುರಾಣದ ಕಾವೇರಿಗೆ ಪತಿಯು ಮಾತು ತಪ್ಪಿದಾಗ ಹರಿಯಲು ದಾರಿಯಿತ್ತು. ಚಿತ್ರದ ಕಾವೇರಿಗೆ ಅದಿಲ್ಲ. ಅವಳ ಪತಿಯೂ ಅವಳನ್ನು ಒಂಟಿಯಾಗಿ ಬಿಟ್ಟನು, ಅವಳ ಸುತ್ತಲೂ ಕಾವಲುಂಟು. ಆದರೆ ಹೊರಟ ನೀರನ್ನು ಮರಳಿ ಕಮಂಡಲುವಿಗೇ ತುಂಬುತ್ತಾರೆ. ಆಸ್ಪತ್ರೆಯ ಬಾಗಿಲು ಎರಡನೆಯ ಸಲ ಅವಳಿಗಾಗಿ ತೆರೆಯುವುದು ಇದೇ. ಕನ್ನಡನಾಡಿನ ದಕ್ಷಿಣದ ಎಲ್ಲೆಯೆಂದು ‘ಕವಿರಾಜಮಾರ್ಗ’ವು ಹೇಳಿದ ನದಿ, ಪ್ರತಿವರ್ಷ ತುಲಾಸಂಕ್ರಮಣದಲ್ಲಿ ಸಾವಿರಾರು ಜನ ಉದ್ಭವವನ್ನು ಕಾದು ನಿಲ್ಲುವ ನದಿ, ಇಲ್ಲಿ ಒಂದು ಮಧ್ಯಮವರ್ಗದ ಮನೆಯ ಗೋಡೆಗಳೊಳಗೆ ಬತ್ತುತ್ತದೆ. ಹಾಡು ಬರುವಾಗ ಈ ಅರ್ಥ ಹೊಳೆಯುವುದಿಲ್ಲ. ಚಿತ್ರ ಮುಗಿದ ಮೇಲೆ ಅದೇ ಹಾಡು ನೆನಪಿಗೆ ಬಂದಾಗ ಹೊಳೆಯುತ್ತದೆ. ಉದ್ದೀಪನವಾಗಿ ಬಂದುದು ಧ್ವನಿಯಾಗಿ ಉಳಿಯುವುದೆಂದರೆ ಇದು. ತ್ರಿವೇಣಿಯವರಾಗಲಿ ಪುಟ್ಟಣ್ಣನವರಾಗಲಿ ಪುರಾಣವನ್ನು ಮನಸ್ಸಿನಲ್ಲಿಟ್ಟಿದ್ದರೋ ಎಂಬ ಪ್ರಶ್ನೆ ಅಪ್ರಕೃತ. ಕಾವೇರಿಯ ಹೆಸರು, ಕೊಡಗಿನ ಹೆಸರು, ಪತಿಪರಿತ್ಯಾಗ, ಈ ಮೂರೂ ಸಾಮಗ್ರಿಗಳು ಕೃತಿಯ ಒಳಗೇ ಇವೆ. ವ್ಯಂಗ್ಯಾರ್ಥಕ್ಕೆ ಅಷ್ಟು ಸಾಕು.

‘ಎಡಕಲ್ಲು ಗುಡ್ಡದ ಮೇಲೆ’ಯ ಪ್ರಶ್ನೆ ಇನ್ನೂ ಕಠಿನವಾದುದು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಅಸಮರ್ಥನಾದ ಸೇನಾಧಿಕಾರಿ. ಗುಡ್ಡದ ಮೇಲಣ ಒಂಟಿಮನೆಯಲ್ಲಿ ಅವನ ಪತ್ನಿ ಮಾಧವಿ. ಅಲ್ಲಿಗೆ ಬಂದ ತರುಣ ನಂಜುಂಡ. ಅವರ ನಡುವೆ ಮತ್ತೊಬ್ಬ ತರುಣಿ. ಜಯಂತಿ, ಚಂದ್ರಶೇಖರ್, ಆರತಿ ಮುಖ್ಯಪಾತ್ರಗಳನ್ನು ವಹಿಸಿದರು. ಈ ಚಿತ್ರದ ಹೆಸರೇ ಮುಂದೆ ಚಂದ್ರಶೇಖರರ ಹೆಸರಿಗೆ ವಿಶೇಷಣವಾಗಿ ಅಂಟಿಕೊಂಡಿತು. ಎಂ. ರಂಗರಾಯರ ಸಂಗೀತವೂ ಸ್ಮರಣೀಯವಾದುದು.

ವಿವಾಹಿತೆಗೆ ಉಪನಾಯಕನಲ್ಲಿ ಹುಟ್ಟಿದ ರತಿಯನ್ನು ಶಾಸ್ತ್ರವು ರಸವೆಂದು ಕರೆಯದೆ ರಸಾಭಾಸವೆನ್ನುತ್ತದೆ. ಸಾಹಿತ್ಯದರ್ಪಣಕಾರನ ಮಾತಿನಲ್ಲಿ ಇದು ನಿಸ್ಸಂದಿಗ್ಧ. ಇದನ್ನು ಹಿಡಿದು ಚಿತ್ರವನ್ನು ತಳ್ಳಿಹಾಕಿದವರು ಹಲವರು. ಆಭಾಸವೆಂದರೆ ದೋಷವೆಂದು ತಿಳಿದುದರ ಫಲವಿದು. ರಾವಣನ ಸೀತಾನುರಾಗವೂ ಶೃಂಗಾರಾಭಾಸವೇ, ಅದಿಲ್ಲದೆ ರಾಮಾಯಣವಿಲ್ಲ. ಅಭಿನವಗುಪ್ತನು ಇಂಥ ಆಭಾಸವು ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದಿರುವನು. ಮಾಧವಿಯನ್ನು ಕಂಡು ನಗುವ ಸಹೃದಯನುಂಟೆ? ಇಲ್ಲಿ ಆಭಾಸವು ಕರುಣಕ್ಕೆ ಅಂಗವಾಗುತ್ತದೆ. ಏಕೆಂದರೆ ಅನೌಚಿತ್ಯವು ಅವಳ ಶೀಲದಿಂದ ಹುಟ್ಟಿದುದಲ್ಲ. ಯುದ್ಧವು ಒಂದು ಮನೆಯೊಳಗೆ ಬಿಟ್ಟುಹೋದ ಶೂನ್ಯದಿಂದ ಹುಟ್ಟಿದುದು.

ಇದೇ ಸ್ಥಳದಲ್ಲಿ ವಿಮರ್ಶಕರು ಇಂಗ್ಲಿಷಿನ ಡಿ. ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ (1928) ಎಂಬ ಕಾದಂಬರಿಯನ್ನು ಸ್ಮರಿಸುವುದುಂಟು. ಅಲ್ಲಿಯೂ ಪತಿಯು ಯುದ್ಧದಲ್ಲಿ ವಿಕಲಾಂಗನಾದವನು. ಕಥಾಬೀಜದ ಸಾಮ್ಯ ಅಹುದು. ಅಷ್ಟರಿಂದ ಭಾರತೀಸುತರ ಕಥೆಯನ್ನು ಪರದೇಶದ ಸರಕೆಂದು ಎಣಿಸುವುದು ಕೊಡಗನ್ನು ಕಾಣದವರ ಮಾತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ (1899-1993), ಜನರಲ್ ತಿಮ್ಮಯ್ಯ (1906-1965) ಇವರ ನಾಡಿನಲ್ಲಿ ಸೇನೆಯಿಂದ ಮರಳಿದ ಗಂಡಸು, ಅವನನ್ನು ಕಾದ ಹೆಂಗಸು, ಇವರು ಕಲ್ಪನೆಯ ಪಾತ್ರಗಳಲ್ಲ. ಅಲ್ಲಿ ವೀರದ ಕೀರ್ತಿಯನ್ನು ಹಾಡುವವರು ಬಹುಮಂದಿ. ವೀರದ ಹಿಂದೆ ಮನೆಯಲ್ಲಿ ಉಳಿಯುವ ಮೌನವನ್ನು ಬರೆದವರು ವಿರಳ. ಕಥೆಯ ಎಡಕಲ್ಲು ವಯನಾಡಿನದಾದರೂ, ಅದನ್ನು ಕಂಡ ಕಣ್ಣು ಕೊಡಗಿನದು.

ಸ್ಥಳನಾಮವೂ ವಿಚಾರಾರ್ಹ. ವಯನಾಡಿನ ಎಡಕಲ್ಲು ಗುಹೆಗಳಲ್ಲಿ ಎರಡು ಬಂಡೆಗಳ ಬಿರುಕಿನ ನಡುವೆ ಭಾರೀ ಕಲ್ಲೊಂದು ಸಿಕ್ಕಿಕೊಂಡು ನಿಂತಿದೆ. ಎಡೆಯಲ್ಲಿರುವ ಕಲ್ಲಾದುದರಿಂದಲೇ ಆ ಹೆಸರು. ಕೆಳಗಿಳಿಯಲಾರದ, ಮೇಲೇರಲಾರದ ಆ ಶಿಲೆಯೇ ಮಾಧವಿಯ ಸ್ಥಿತಿ. ‘ಶರಪಂಜರ’ದಲ್ಲಿ ದೇಶವು ಒಂದು ಹಾಡಿನಲ್ಲಿ ಬಂದು ಧ್ವನಿಯಾಯಿತು, ಇಲ್ಲಿ ಆರಂಭದಿಂದಲೇ ಆಲಂಬನದಷ್ಟು ಹತ್ತಿರ ನಿಂತಿದೆ. ಊರಿನ ಕಣ್ಣುಗಳಿಲ್ಲದ ಎತ್ತರವಾದುದರಿಂದ ಕಥೆ ನಡೆಯಿತು. ದೇಶವನ್ನು ಬದಲಿಸಿದರೆ ಕಥೆಯೇ ಉಳಿಯದು. ಚಿತ್ರದ ಕೊರತೆ ಬೇರೆಡೆಯಲ್ಲಿದೆ. ಮಾಧವಿಯ ಕ್ಷೋಭೆಯನ್ನು ಅರ್ಧದವರೆಗೆ ಕರುಣೆಯಿಂದ ನೋಡಿದ ದೃಷ್ಟಿ, ಅನಂತರ ಲೋಕಕ್ಕೆ ಉತ್ತರ ಕೊಡಬೇಕೆಂಬ ಅಳುಕಿನಿಂದ ನ್ಯಾಯಾಧೀಶನ ದೃಷ್ಟಿಯಾಗುತ್ತದೆ. ಅವಳ ಅಸೂಯೆ ಬೆಳೆದಂತೆ ಪತಿಯ ವ್ಯಥೆ ಹಿಂದಕ್ಕೆ ಸರಿದುಬಿಡುತ್ತದೆ. ಜಯಂತಿಯವರ ಅಭಿನಯದ ಸಂಯಮವಿಲ್ಲದಿದ್ದರೆ ಆಭಾಸವು ಇಲ್ಲಿ ನಿಜವಾಗಿಯೂ ದೋಷವಾಗುತ್ತಿತ್ತು.

‘ಬಯಲು ದಾರಿ’, ‘ಗಿರಿಕನ್ಯೆ’ ಎರಡನ್ನೂ ದೊರೈ-ಭಗವಾನ್ ನಿರ್ದೇಶಿಸಿದರು. ರಾಜನ್-ನಾಗೇಂದ್ರರ ಸಂಗೀತದಿಂದ ಅವು ಬಹುಕಾಲ ಬಾಳಿವೆ. ವಿಮರ್ಶೆಗೆ ಅವು ಕೊಡುವುದು ಅಲ್ಪ. ‘ಹುಲಿಯ ಹಾಲಿನ ಮೇವು’ ವೀರರಸದ ಚಿತ್ರ. ರಾಜಕುಮಾರರು ಕೊಡವ ವೀರನ ವೇಷದಲ್ಲಿ ಶೋಭಿಸಿದರು. ಕುಪ್ಯ, ಚೇಲೆ, ಪೀಚೆಕತ್ತಿ ಎಲ್ಲವೂ ಇವೆ, ಆಹಾರ್ಯದಲ್ಲಿ ಕೊರತೆಯಿಲ್ಲ. ಈ ಐದರಲ್ಲಿ ಕೊಡಗನ್ನು ಕಣ್ಣಿಗೆ ಅತ್ಯಂತ ಧಾರಾಳವಾಗಿ ತೋರಿಸಿದ ಚಿತ್ರವೂ ಇದೇ, ಅದರ ಅಂತರಂಗಕ್ಕೆ ದೂರವಾದುದೂ ಇದೇ ಎನ್ನಬೇಕಾಗಿದೆ. ಭಾರತೀಸುತರ ಕಾದಂಬರಿಯನ್ನು ಓದಿದವರು ಹುಡುಕುವ ನಾಡು ವೇಷದ ಹಿಂದೆ ಮರೆಯಾಗುತ್ತದೆ. ಮೆಚ್ಚಿನ ನಟನಲ್ಲಿ ಪ್ರೇಕ್ಷಕರಿಗಿದ್ದ ಭಕ್ತಿಯನ್ನು ರಸವೆಂದು ಭ್ರಮಿಸುವುದು ಸುಲಭ. ದೇವಾದಿವಿಷಯಕವಾದ ರತಿಯು ಭಾವವೇ ಹೊರತು ರಸವಲ್ಲವೆಂದು ಮಮ್ಮಟನು ಬಹುಹಿಂದೆಯೇ ಎಚ್ಚರಿಸಿದ್ದಾನೆ.

ಈ ಐದು ಚಿತ್ರಗಳಲ್ಲಿಯೂ ಸಮಾನವಾದ ಒಂದು ಸಂಗತಿಯುಂಟು. ಯಾವುದರಲ್ಲಿಯೂ ಪಾತ್ರಗಳ ಮಾತು ಕೊಡವ ಭಾಷೆಯಲ್ಲ. ಕನ್ನಡ ಚಿತ್ರಗಳಾದುದರಿಂದ ಅದು ಸಹಜ. ಅದಕ್ಕಾಗಿ ದೂಷಿಸುವುದು ಅನ್ಯಾಯ. ಆದರೆ ಭಾಷೆಯೂ ದೇಶೌಚಿತ್ಯಕ್ಕೆ ಸಂಬಂಧಿಸಿದುದೆಂಬುದನ್ನು ಭರತನು ದೇಶಭಾಷಾವಿಧಾನದಲ್ಲಿ ಸವಿಸ್ತಾರವಾಗಿ ಹೇಳಿರುವನು. 1956 ರ ನವೆಂಬರ್ 1 ರಂದು ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಪ್ರತ್ಯೇಕವಾಗಿದ್ದ ನಾಡು, ಆ ಮೇಲೆ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕನ್ನಡ ಬೆಳ್ಳಿಪರದೆಯ ಪ್ರಿಯತಮ ಗಿರಿಪ್ರದೇಶವಾಯಿತು. ತನ್ನ ಮಾತಿನಲ್ಲಿ ತಾನು ಪರದೆಯ ಮೇಲೆ ಬರಲು ಅದೇ ಕಾಲವನ್ನು ಕಾಯಬೇಕಾಯಿತು. ‘ಶರಪಂಜರ’ಕ್ಕೂ ‘ಎಡಕಲ್ಲು ಗುಡ್ಡ’ಕ್ಕೂ ನಡುವಣ ವರ್ಷವಾದ 1972 ರಲ್ಲಿ ಎಸ್. ಆರ್. ರಾಜನ್ ನಿರ್ದೇಶಿಸಿದ ಮೊದಲ ಕೊಡವ ಚಿತ್ರ ತೆರೆಕಂಡಿತು. ಅದರ ಹೆಸರು ‘ನಾಡ ಮಣ್ಣ್ ನಾಡ ಕೂಳ್’. ಕನ್ನಡಿಗನು ಇದನ್ನು ಓದಿದೊಡನೆ ನಾಡಿನ ಮಣ್ಣು, ನಾಡಿನ ಅನ್ನವೆಂದು ಅರ್ಥಮಾಡಿಕೊಳ್ಳುವನು. ಕೊಡವ ಭಾಷೆಯಲ್ಲಿ ‘ನಾಡ’ ಎಂದರೆ ‘ನನ್ನ’.