ಯಾದಗಿರಿಗೆ ಯಾವ ಬಣ್ಣ?

ಜನಗಣತಿಯ ಅಂಕಿಗಳನ್ನು ನಕ್ಷೆಗೆ ಇಳಿಸುವ ಗೀಳು ಹತ್ತಿದವರಿಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸುವುದು ಜಿಲ್ಲೆಗಳನ್ನು ಗುಂಪು ಮಾಡುವ ಘಟ್ಟ.

2011ರ ಸಾಕ್ಷರತೆಯ ಪಟ್ಟಿಯನ್ನೇ ತೆಗೆದುಕೊಳ್ಳಿ. ಆಗ ನಮ್ಮಲ್ಲಿ 30 ಜಿಲ್ಲೆ. ಮೇಲ್ತುದಿಯಲ್ಲಿ ದಕ್ಷಿಣ ಕನ್ನಡ, ಶೇ 88.57, ಕೆಳತುದಿಯಲ್ಲಿ ಯಾದಗಿರಿ, ಶೇ 51.83. ಐದು ಬಣ್ಣ ಸಾಕು ಎಂದುಕೊಳ್ಳೋಣ, ತಿಳಿಯಿಂದ ಗಾಢಕ್ಕೆ. ‘ಈಕ್ವಲ್ ಕೌಂಟ್’ ಆರಿಸಿದರೆ ಬಣ್ಣಕ್ಕೆ ಆರರಂತೆ ಜಿಲ್ಲೆ ಹಂಚಿಕೆಯಾಗುತ್ತವೆ. ನಕ್ಷೆ ಕಣ್ಣಿಗೆ ಹಿತವಾಗಿರುತ್ತದೆ, ನಿಜ. ಆದರೆ ತೀರಾ ತಿಳಿ ಬಣ್ಣದಲ್ಲಿ ಯಾದಗಿರಿಯ ಜೊತೆ ಶೇ 67.43ರ ಬಳ್ಳಾರಿಯೂ ಕೂತಿರುತ್ತದೆ! ನಡುವಿನ ಅಂತರ 15ಕ್ಕೂ ಹೆಚ್ಚು. ನೋಡುವವರಿಗೆ ಅದರ ಸುಳಿವೇ ಸಿಗದು. ‘ಈಕ್ವಲ್ ಇಂಟರ್ವಲ್’ಗೆ ಬದಲಿಸಿ, ಅಂದರೆ ಕೆಳತುದಿಯಿಂದ ಮೇಲ್ತುದಿಯವರೆಗಿನ ಅಂತರವನ್ನೇ ಐದು ಸಮಭಾಗ ಮಾಡಿ. ಈಗ ಆ ಬಣ್ಣಕ್ಕೆ ಯಾದಗಿರಿ ಒಂದೇ. ಶೇ 59.56ರ ರಾಯಚೂರು ಕೂದಲೆಳೆಯ ಅಂತರದಲ್ಲಿ ಮುಂದಿನ ಗುಂಪಿಗೆ ದಾಟಿ, ಚಾಮರಾಜನಗರ, ಕಲಬುರಗಿಗಳ ಜೊತೆ ಸೇರುತ್ತದೆ.

ಅಂಕಿ ಅವೇ, ನಕ್ಷೆ ಬೇರೆ. ನನ್ನ ಮತ ಎರಡನೆಯದಕ್ಕೆ. ಒಂದು ಜಿಲ್ಲೆ ಅಷ್ಟು ಹಿಂದೆ ಬಿದ್ದಿದ್ದರೆ ಅದು ಒಂಟಿಯಾಗಿಯೇ ಕಣ್ಣಿಗೆ ಬೀಳಬೇಕು. ಆರು ಜಿಲ್ಲೆಗಳ ಗುಂಪಿನಲ್ಲಿ ಮರೆಯಾಗಬಾರದು. ಪೂರ್ಣಾಂಕದ ಮೋಹಕ್ಕೆ 70ಕ್ಕೆ ಗೆರೆ ಹಾಕುವವರೂ ಇದ್ದಾರೆ. ಆಗ ಶೇ 70.40ರ ಮಂಡ್ಯಕ್ಕೆ ಒಂದು ಬಣ್ಣ, 69.76ರ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು. ಇಲ್ಲದ ಕಂದಕವನ್ನು ನಾವೇ ತೋಡಿದಂತೆ. ಯಾವ ವಿಧಾನ ಆರಿಸಿದರೂ ಗೆರೆಯ ಅಕ್ಕಪಕ್ಕ ಯಾರಿದ್ದಾರೆ ಎಂದು ಪಟ್ಟಿ ತೆರೆದು ನೋಡಲೇಬೇಕು.

ಇಂಥ ಛಾಯಾನಕ್ಷೆಗಳ ವಂಶ ಶುರುವಾದದ್ದೂ ವಿದ್ಯೆಯ ಲೆಕ್ಕದಿಂದಲೇ. 1826ರಲ್ಲಿ ಚಾರ್ಲ್ಸ್ ದ್ಯುಪ್ಯಾಂ ಫ್ರಾನ್ಸಿನ ಯಾವ ಭಾಗದಲ್ಲಿ ಶಾಲಾಶಿಕ್ಷಣ ಎಷ್ಟು ಎಂಬುದನ್ನು ಕಪ್ಪುಬಿಳುಪಿನ ಛಾಯೆಗಳಲ್ಲಿ ತೋರಿಸಿದ್ದ.

ಹೊಸಬರಿಗೆ ಒಂದು ಮಾತು. ಪಟ್ಟಿಯಲ್ಲಿ ಗುಲ್ಬರ್ಗ ಎಂದಿರುತ್ತದೆ, ನಕ್ಷೆಯಲ್ಲಿ ಕಲಬುರಗಿ. ಹೆಸರು ಹಿಡಿದು ಜೋಡಿಸಿದರೆ ಆ ಜಿಲ್ಲೆ ಖಾಲಿ ಉಳಿಯುತ್ತದೆ. ಜನಗಣತಿಯ ಕೋಡ್ ಹಿಡಿದೇ ಜೋಡಿಸಿ. ಗಡಿಯ ಫೈಲ್ ಕೂಡ 2011ರದ್ದೇ ಆಗಿರಲಿ, 2021ರಲ್ಲಿ ಹುಟ್ಟಿದ ವಿಜಯನಗರಕ್ಕೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ.

2027ರ ಜನಗಣತಿಯ ಅಂಕಿ ಕೈಗೆ ಬಂದಾಗ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಡುವ ಆಸೆ ಸಹಜ. ಆಗ ತಂತ್ರಾಂಶ ತಾನಾಗಿ ಹೊಸ ಗೆರೆ ಹಾಕಲು ಬಿಡಬೇಡಿ. ಬಿಟ್ಟರೆ, ಎಲ್ಲ ಜಿಲ್ಲೆಗಳೂ ಒಟ್ಟಿಗೆ ಏರಿದ್ದರೂ ಯಾದಗಿರಿಗೆ ಮತ್ತೆ ಅದೇ ತಿಳಿ ಬಣ್ಣ. ಅಲ್ಲಿ ಓದು ಕಲಿತವರ ಶ್ರಮ ನಕ್ಷೆಯ ಮೇಲೆ ಕಾಣುವುದೇ ಇಲ್ಲ. 2011ರ ಗೆರೆಗಳನ್ನೇ ಕೈಯಾರೆ ಟೈಪ್ ಮಾಡಿ, ಮೇಲ್ತುದಿಯನ್ನು ಮಾತ್ರ 100ಕ್ಕೆ ಏರಿಸಿ.