ಕದಲದ ಮುಖದ ಹಿಂದೆ

ಕಳೆದ ವರ್ಷ ನನ್ನ ತಂಗಿಯ ಮಗ ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೌಸ್ ಸರ್ಜನ್ ಆದ. ಮೊದಲ ತಿಂಗಳಲ್ಲೇ ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದವನು ಅನ್ನ ಕಲಸುತ್ತ ಕುಳಿತೇ ಇದ್ದ. “ಯಾಕೋ, ಸಾರು ರುಚಿಸಲಿಲ್ಲವೇ?” ಎಂದೆ. “ಹಾಗೇನಿಲ್ಲ ಮಾವ. ನಿನ್ನೆ ರಾತ್ರಿ ವಾರ್ಡಿನಲ್ಲಿ ಒಂದು ಮಗು ಹೋಯಿತು. ತಾಯಿಗೆ ನಾನೇ ಹೇಳಬೇಕಾಯಿತು. ಹೇಳಿದೆ. ಆಮೇಲೆ ಮುಂದಿನ ಹಾಸಿಗೆಗೆ ಹೋದೆ” ಎಂದ. ಅಷ್ಟೇ, ಮತ್ತೆ ಆ ಮಾತೆತ್ತಲಿಲ್ಲ.

ಆ ‘ಆಮೇಲೆ’ಯ ಒಳಗೆ ಏನಿದೆ? ೧೮೮೯ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಹೊಸ ವೈದ್ಯರಿಗೆ ವಿಲಿಯಂ ಆಸ್ಲರ್ ಮಾಡಿದ ಭಾಷಣ ಪ್ರಸಿದ್ಧವಾದದ್ದು. ಎಂಥ ಸಂಕಟದಲ್ಲಿಯೂ ವೈದ್ಯನ ಮುಖ ಕದಲಬಾರದು, ಮನಸ್ಸು ಸಮಸ್ಥಿತಿಯಲ್ಲಿರಬೇಕು ಎಂಬುದು ಅದರ ಸಾರ. ಹಾಗೆಂದು ಹೃದಯ ಕಲ್ಲಾಗಬಾರದೆಂದೂ ಆತ ಎಚ್ಚರಿಸಿದ್ದುಂಟು. ಉಪದೇಶವೇನೋ ಸರಿಯೇ. ಆದರೆ ಇಪ್ಪತ್ತನಾಲ್ಕರ ಹುಡುಗನಿಗೆ ಆ ಮುಖ ಬರುವುದು ಎಲ್ಲಿಂದ? ಅದಕ್ಕೆ ತೆರುವ ಬೆಲೆ ಏನು? ಉತ್ತರ ನನಗೆ ದೊರೆತದ್ದು ರಷ್ಯನ್ ಲೇಖಕ ಮಿಖಾಯಿಲ್ ಬುಲ್ಗಾಕೋವನ ಕಥೆಗಳಲ್ಲಿ.

ಬುಲ್ಗಾಕೋವ್ ೧೯೧೬ರಲ್ಲಿ ಕೀವ್‌ನಲ್ಲಿ ವೈದ್ಯಪದವಿ ಪಡೆದು, ಸ್ಮೊಲೆನ್ಸ್ಕ್ ಪ್ರಾಂತದ ನಿಕೋಲ್ಸ್ಕೊಯೆ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ಸುಮಾರು ಒಂದು ವರ್ಷ ದುಡಿದ. ಆ ಅನುಭವದಿಂದ ಹುಟ್ಟಿದ ಕಥೆಗಳು ೧೯೨೫-೨೬ರಲ್ಲಿ ಪತ್ರಿಕೆಗಳಲ್ಲಿ ಬಂದವು. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ.

ಒಂದು ಕಥೆಯಲ್ಲಿ, ನಾರು ಬಡಿಯುವ ಯಂತ್ರಕ್ಕೆ ಸಿಕ್ಕಿ ಕಾಲು ಜಜ್ಜಿಹೋದ ಹುಡುಗಿಯನ್ನು ಆಸ್ಪತ್ರೆಗೆ ತರುತ್ತಾರೆ. ಇವಳು ಬೇಗ ಸಾಯಬಾರದೇ, ನನ್ನ ಕೈಯಲ್ಲಿ ಏನಾದೀತು ಎಂದು ವೈದ್ಯನ ಒಳಮನಸ್ಸು ಅಂಗಲಾಚುತ್ತದೆ. ಬಾಯಿ ಮಾತ್ರ ಶಸ್ತ್ರಕ್ರಿಯೆಗೆ ಆಜ್ಞೆ ಮಾಡುತ್ತದೆ. ಹುಡುಗಿ ಬದುಕುತ್ತಾಳೆ. ಇಂಥವನ್ನು ಬಹಳ ಮಾಡಿದ್ದೀರೇನೋ ಎಂದು ಸೂಲಗಿತ್ತಿ ಕೇಳಿದರೆ, ಒಂದನ್ನೂ ಮಾಡದವನು ಎರಡು ಮಾಡಿದ್ದೇನೆ ಎಂದುಬಿಡುತ್ತಾನೆ! ಮತ್ತೊಂದು ಕಥೆಯಲ್ಲಿ ಕಷ್ಟದ ಹೆರಿಗೆ. ಸಿಗರೇಟು ತರುತ್ತೇನೆಂದು ಸುಳ್ಳು ಹೇಳಿ ಕೋಣೆಗೆ ಓಡಿ, ಪುಸ್ತಕ ತಿರುವಿ ಹಾಕಿ ಹಿಂತಿರುಗುತ್ತಾನೆ.

ಇವು ಬರಿಯ ನಗೆಯ ಪ್ರಸಂಗಗಳಲ್ಲ. ಧೈರ್ಯವು ಮೊದಲು ಮುಖದ ಮೇಲೆ ನಟನೆಯಾಗಿ ಬಂದು, ಕೈ ಕೆಲಸ ಕಲಿತ ಮೇಲೆ ಒಳಗೆ ಇಳಿಯುತ್ತದೆ ಎಂಬ ಸತ್ಯವನ್ನು ಇಷ್ಟು ನಾಚಿಕೆಗೆಟ್ಟು ಹೇಳಿದ ಬರಹವನ್ನು ನಾನು ಬೇರೆ ಕಂಡಿಲ್ಲ. ಬುಲ್ಗಾಕೋವನ ಕಲೆ ಇರುವುದು ಹೊರದನಿ ಒಳದನಿಗಳೆರಡನ್ನೂ ಒಂದೇ ಪುಟದಲ್ಲಿ ಕೇಳಿಸುವುದರಲ್ಲಿ. ಅವನ ನಗೆಯೆಲ್ಲ ತನ್ನ ಮೇಲೆಯೇ, ರೋಗಿಯ ಮೇಲಲ್ಲ.

ಈ ಅಳತೆಗೋಲಿನಿಂದ ನೋಡಿದರೆ, ೨೦೧೭ರಲ್ಲಿ ಹೊರಬಂದ ಆಡಮ್ ಕೇ ಎಂಬ ಇಂಗ್ಲಿಷ್ ವೈದ್ಯನ ದಿನಚರಿ, ‘ದಿಸ್ ಈಸ್ ಗೋಯಿಂಗ್ ಟು ಹರ್ಟ್’, ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಎಷ್ಟೋ ಸಲ ಹಾಸ್ಯಕ್ಕೆ ಗುರಿಯಾಗುವವರು ರೋಗಿಗಳೇ. ಆದರೂ ಕೊನೆಯ ಪುಟಗಳನ್ನು ಓದದೆ ಪುಸ್ತಕ ಮುಚ್ಚುವುದು ಅನ್ಯಾಯ. ಹೆರಿಗೆಯೊಂದರಲ್ಲಿ ಮಗು ಉಳಿಯುವುದಿಲ್ಲ, ಆ ಬಳಿಕ ತಿಂಗಳುಗಟ್ಟಲೆ ಅವನಿಗೆ ನಗು ಬರುವುದಿಲ್ಲ, ವೃತ್ತಿಯನ್ನೇ ಬಿಡುತ್ತಾನೆ. ಅದುವರೆಗಿನ ನಗೆ ಎಲ್ಲವೂ ಒಂದು ಕಟ್ಟೆಯಾಗಿತ್ತೆಂದು ಆಗ ತಿಳಿಯುತ್ತದೆ.

ಬುಲ್ಗಾಕೋವನೂ ಕಟ್ಟೆ ಒಡೆದದ್ದನ್ನು ಬರೆದ. ೧೯೨೭ರ ‘ಮಾರ್ಫಿನ್’ ಕಥೆಯಲ್ಲಿ ಪೊಲ್ಯಾಕೋವ್ ಎಂಬ ಯುವವೈದ್ಯ ಹೊಟ್ಟೆನೋವಿಗೆಂದು ಒಂದು ಸೂಜಿ ಚುಚ್ಚಿಸಿಕೊಂಡು, ಅದರ ವಶನಾಗುತ್ತಾನೆ. ಲೇಖಕ ತಾನೂ ಆ ಚಟಕ್ಕೆ ಸಿಕ್ಕಿ ಪಾರಾಗಿ ಬಂದವನು. ಬಿಟ್ಟುಹೋದ ಪ್ರೇಯಸಿಯ ದುಃಖವನ್ನು ಇಲ್ಲಿ ಕಾರಣವಾಗಿ ತಂದದ್ದು ಕಥೆಯ ದೌರ್ಬಲ್ಯವೆಂದೇ ನನ್ನ ಅಭಿಪ್ರಾಯ. ನಮ್ಮನ್ನು ನಡುಗಿಸುವುದು ಆಕೆಯಲ್ಲ. ಲೋಕದ ನೋವಿಗೆಲ್ಲ ಔಷಧ ಕೊಡುವವನು ತನ್ನ ನೋವನ್ನು ಇನ್ನೊಬ್ಬ ವೈದ್ಯನಲ್ಲಿ ತೋಡಿಕೊಳ್ಳಲು ನಾಚುವುದು. ನೆರವು ಬೇಡಿ ಅವನು ಪತ್ರ ಬರೆಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಆಸ್ಲರನ ಭಾಷಣದ ಪಕ್ಕದಲ್ಲಿ ಈ ಕಥೆಯನ್ನೂ ಇಟ್ಟು ಓದಿಸಬೇಕು. ಮುಖ ಕದಲದಿರುವುದು ರೋಗಿಯ ಎದುರಿಗೆ ಧರ್ಮ. ಎಲ್ಲರ ಎದುರಿಗೂ ಹಾಗೇ ಇರಬೇಕೆಂದರೆ ಅದು ರೋಗ.

ಪುಸ್ತಕವನ್ನು ಹುಡುಗನಿಗೆ ಕೊಟ್ಟಿದ್ದೆ. ಮೂರು ವಾರದ ಮೇಲೆ ಹಿಂದಿರುಗಿಸಲು ಬಂದ. ಹೇಗಿತ್ತು ಎಂದೆ. “ಆ ಸಿಗರೇಟಿನ ಕಥೆ ಚೆನ್ನಾಗಿದೆ ಮಾವ. ನಾನು ನೀರು ಕುಡಿದು ಬರುತ್ತೇನೆ ಅಂತ ಹೋಗುತ್ತೇನೆ” ಎಂದು ನಕ್ಕ. ಬಳಿಕ ತಾನಾಗಿಯೇ ಆ ರಾತ್ರಿಯ ಮಾತು ತೆಗೆದ. ಮಗುವಿಗೆ ಎರಡು ವರ್ಷವಂತೆ. ತಾಯಿ ಅಳಲಿಲ್ಲವಂತೆ, ನಿನಗೆ ಊಟವಾಯಿತೇನಪ್ಪ ಎಂದು ಇವನನ್ನೇ ಕೇಳಿದಳಂತೆ. ಇಷ್ಟು ಹೇಳುವಾಗ ಅವನ ಮುಖ ಕದಲಿತು. ನನ್ನದೂ.